ವೆಂಡೋವರ್ ನಡಿಗೆ, ಪಬ್ ಊಟ: ಮೂರು ಸಲ ಕೆಟ್ಟು ನಾಲ್ಕನೇ ಸಲ ಗೆದ್ದಿದ್ದು

ಹೋದ ಮೇ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಹನ್ನೆರಡು ಮುಕ್ಕಾಲು. ಲಂಡನ್ನಿನ ವಾಯವ್ಯಕ್ಕೆ, ಚಿಲ್ಟರ್ನ್ಸ್ ಗುಡ್ಡಗಳ ಬುಡದಲ್ಲಿರುವ ವೆಂಡೋವರ್ ಊರಿನ ಒಂದು ಪಬ್ಬಿನ ಹಿಂದಿನ ಕೋಣೆಯಲ್ಲಿ ನಮ್ಮ ಕನ್ನಡ ಬಳಗದ 35 ಜನ ಕೂತಿದ್ದೆವು. ಏಳು ವರ್ಷದ ಹುಡುಗಿಯಿಂದ ಹಿಡಿದು 74 ವರ್ಷದ ನಮ್ಮ ಅತ್ತೆಯವರೆಗೆ. ಎಲ್ಲರೂ ಕಡಿಮೆ ಅಂದರೂ ಒಂದು ಮೈಲಿ ನಡೆದಿದ್ದರು, ಕೆಲವರು ಆರು ಮೈಲಿ. ಕೂತ ಹತ್ತು ನಿಮಿಷಕ್ಕೆ ಮೊದಲ ತಟ್ಟೆ ಬಂತು. ಒಂದೂ ಕಾಲಿಗೆ ಕೊನೆಯ ತಟ್ಟೆಯೂ ಬಂತು. ಯಾರ ಊಟವೂ ಯಾರಿಗೋ ಹೋಗಲಿಲ್ಲ. ಸಸ್ಯಾಹಾರಿಗಳ ಆಲೂಗಡ್ಡೆ ಮೇಲೆ ಮಾಂಸದ ಗ್ರೇವಿ ಬೀಳಲಿಲ್ಲ. ಬಿಲ್ಲಿನ ಹತ್ತಿರ ಯಾರೂ ಫೋನ್ ಹಿಡಿದು ಭಾಗಾಕಾರ ಮಾಡಲಿಲ್ಲ.

ಇಂಗ್ಲೆಂಡಿನಲ್ಲಿ ಕನ್ನಡ ಬಳಗಗಳಲ್ಲಿ ಓಡಾಡುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಯುಗಾದಿ, ದೀಪಾವಳಿ, ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡಿ ಮುನ್ನೂರು ಜನಕ್ಕೆ ಬಿಸಿಬೇಳೆ ಬಾತ್ ಬಡಿಸುವುದು ನಮಗೆ ನೀರು ಕುಡಿದಷ್ಟು ಸಲೀಸು. ಆದರೆ ಮೂವತ್ತು ಜನರನ್ನು ಗುಡ್ಡ ಹತ್ತಿಸಿ, ಇಳಿಸಿ, ಹೊತ್ತಿಗೆ ಸರಿಯಾಗಿ ಹಳ್ಳಿ ಪಬ್ಬಿನಲ್ಲಿ ಕೂರಿಸುವುದು ಬೇರೆ ಕೆಲಸ. ನಾನು ಈ ಮಾತು ಎತ್ತಿದಾಗ ನಮ್ಮ ಖಜಾಂಚಿಯವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇದೆಲ್ಲ ಇಲ್ಲಿಯವರಿಗೆ ಸರಿ ಮೇಡಂ. ನಮ್ಮವರು ಕಾರ್ ಪಾರ್ಕಿನಿಂದ ಹಾಲ್‌ವರೆಗೆ ನಡೆದರೆ ಅದೇ ನಡಿಗೆ."

ಅವರ ಮೇಲೆ ನನಗೆ ಕೋಪ ಇಲ್ಲ. ಮೊದಲ ಮೂರು ಸಲ ಅವರ ಮಾತೇ ನಿಜ ಆಯಿತು.

ಮೊದಲನೆಯದು ಲಂಡನ್ನಿನ ದಕ್ಷಿಣಕ್ಕಿರುವ ಗುಡ್ಡ, ಬಾಕ್ಸ್ ಹಿಲ್. 2022ರ ಸೆಪ್ಟೆಂಬರ್. ಎಲ್ಲರಿಗೂ ಹೆಸರು ಗೊತ್ತಿರುವ ಜಾಗ, ಕೆಳಗೆ ಮೋಲ್ ನದಿ ದಾಟಲು ಕಲ್ಲುಗಳಿವೆ, ಮಕ್ಕಳಿಗೆ ಖುಷಿ ಆಗುತ್ತೆ ಅಂತ ಆರಿಸಿದೆ. ಹಿಂದಿನ ಎರಡು ದಿನ ಜೋರು ಮಳೆ. ಹೋಗಿ ನೋಡಿದರೆ ಕಲ್ಲುಗಳ ಮೇಲೆ ನೀರು ಹರಿಯುತ್ತಿದೆ. ಸೇತುವೆ ಹತ್ತಿರದಲ್ಲೇ ಇದೆ, ಆದರೆ ಅಷ್ಟರಲ್ಲಿ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಚದುರಿ ಹೋದರು. ಆಮೇಲೆ ಮೆಟ್ಟಿಲು. ಗುಡ್ಡ ಬರೀ 224 ಮೀಟರ್, ಆದರೆ ಆ ಮೆಟ್ಟಿಲು ಒಂದೇ ಸಮ ಮೇಲಕ್ಕೆ ಹೋಗುತ್ತದೆ. ಮೂರು ಜನ ಸೀರೆ, ಚಪ್ಪಲಿಯಲ್ಲಿ ಬಂದಿದ್ದರು. "ವಾಕ್ ಅಂದ್ರಲ್ಲ, ಹತ್ತೋದು ಅಂತ ಹೇಳಲಿಲ್ಲ" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದೂವರೆಗೆ ಊಟ ಅಂತ ಹೇಳಿದ್ದ ಪಬ್ಬಿಗೆ ತಲುಪಿದ್ದು ಎರಡೂ ಮುಕ್ಕಾಲಿಗೆ. ಅಡುಗೆಮನೆ ಎರಡೂವರೆಗೆ ಮುಚ್ಚಿತ್ತು. ಇಪ್ಪತ್ತೆಂಟು ಜನ ಕ್ರಿಸ್ಪ್ಸ್ ಪ್ಯಾಕೆಟ್, ಹುರಿದ ಶೇಂಗಾ ತಿಂದು ಮನೆಗೆ ಬಂದೆವು. ಆ ಕ್ರಿಸ್ಪ್ಸ್ ಬಿಲ್ಲೇ ಸುಮಾರು 60 ಪೌಂಡ್ ಆಗಿತ್ತು. ಕೊಟ್ಟವಳು ನಾನು.

ಎರಡನೆಯದು ಡಿಸೆಂಬರ್. ಕ್ರಿಸ್ಮಸ್ ರಜೆಯಲ್ಲಿ ಎಲ್ಲರೂ ಬಿಡುವಾಗಿರುತ್ತಾರೆ ಅನ್ನುವುದು ನನ್ನ ಲೆಕ್ಕ. ಬಿಡುವಾಗಿಯೇ ಇದ್ದರು, ಆದರೆ ಸೂರ್ಯ ಬಿಡುವಾಗಿರಲಿಲ್ಲ. ಆ ದಿನಗಳಲ್ಲಿ ಲಂಡನ್ ಸುತ್ತ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಚಿಲ್ಟರ್ನ್ಸ್ ಗುಡ್ಡಗಳ ಮೇಲಿನ ಮಣ್ಣು ಚಕಮಕಿ ಕಲ್ಲು ಬೆರೆತ ಜೇಡಿ. ಮಳೆಗಾಲದ ಗದ್ದೆಯ ಬದುವಿನ ಮೇಲೆ ನಡೆದ ಹಾಗೆ ಜಾರುತ್ತದೆ, ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡು ಕೆಜಿ ಆಗುತ್ತದೆ. ಒಬ್ಬರು ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಪಬ್ಬಿನಲ್ಲಿ ಆ ವಾರ ಪೂರ್ತಿ ಕ್ರಿಸ್ಮಸ್ ಮೆನು ಮಾತ್ರ, ತಲೆಗೆ 30 ಪೌಂಡಿನ ಮೇಲೆ. ಸಸ್ಯಾಹಾರಿಗಳಿಗೆ ಇದ್ದಿದ್ದು ಬೀಜಗಳಿಂದ ಮಾಡುವ ಒಂದೇ ಒಂದು ನಟ್ ರೋಸ್ಟ್, ಒಣಗಿ ಬೆರಣಿ ಆಗಿತ್ತು.

ಮೂರನೆಯದು ಮಾರ್ಚ್. ವೆಂಡೋವರ್‌ಗೇ ಹೋಗಿದ್ದು. ಜಾಗ ಸರಿಯಾಗಿತ್ತು, ದುಡ್ಡು ಕೆಟ್ಟಿತು. 32 ಜನ ಬರ್ತೀವಿ ಅಂತ ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರು. ಪಬ್ಬಿನವರು ತಲೆಗೆ 10 ಪೌಂಡ್ ಮುಂಗಡ ಕೇಳಿದರು, ನನ್ನ ಕಾರ್ಡಿನಿಂದ ಕೊಟ್ಟೆ. ಬೆಳಿಗ್ಗೆ ಮೋಡ ಕವಿದಿತ್ತು. ಬಂದವರು 21. ಹನ್ನೊಂದು ಜನದ್ದು 110 ಪೌಂಡ್ ಹೋಯಿತು. ಅದರ ಮೇಲೆ ಇನ್ನೊಂದು. ನಾವು ಲಂಡನ್ನಿನ ಹ್ಯಾರೋ ಆನ್ ದ ಹಿಲ್‌ನಿಂದ ರೈಲು ಹಿಡಿಯುವುದು. ಲಂಡನ್ನಿನ ಬಸ್ಸು ರೈಲಿಗೆ ಟಿಕೆಟ್ ಬದಲು ಒತ್ತುವ ಆಯ್ಸ್ಟರ್ ಕಾರ್ಡ್ ಆ ದಾರಿಯಲ್ಲಿ ಅಮರ್‌ಶಮ್‌ವರೆಗೆ ಮಾತ್ರ ನಡೆಯುತ್ತದೆ, ವೆಂಡೋವರ್ ಅದಕ್ಕೆ ಎರಡು ಸ್ಟೇಷನ್ ಆಚೆ. ನಾನು ಇದನ್ನು ಗ್ರೂಪಿನಲ್ಲಿ ಬರೆಯಲು ಮರೆತೆ. ಇಬ್ಬರು ಆಯ್ಸ್ಟರ್ ಒತ್ತಿ ಹತ್ತಿ ದಂಡ ಕಟ್ಟಿದರು. ಅವರಲ್ಲಿ ಒಬ್ಬರು ಊರಿಂದ ಬಂದು ಮೂರು ವಾರ ಆಗಿತ್ತು, ಪಾಪ. ಆ ದಂಡದ ಅರ್ಧ ನಾನು ಕೊಟ್ಟೆ, ಅವರು ಬೇಡ ಅಂದರೂ.

ಆ ರಾತ್ರಿ ನಮ್ಮ ಯಜಮಾನರು ಹೇಳಿದರು, "ಸಾಕು ಬಿಡು, ಮನೆಯ ಹಿಂದಿನ ಪಾರ್ಕಿನಲ್ಲಿ ಸುತ್ತೋಣ." ನಾನು ಬಿಡಲಿಲ್ಲ. ಕೂತು ಮೂರೂ ಸಲದ ತಪ್ಪು ಬರೆದೆ. ಬರೆದಾಗ ಒಂದು ವಿಷಯ ಹೊಳೆಯಿತು. ನಾನು ಪ್ರತಿ ಸಲವೂ ನಡಿಗೆಯನ್ನು ಮೊದಲು ಮಾಡಿ ಪಬ್ಬನ್ನು ಅದರ ತುದಿಗೆ ಅಂಟಿಸುತ್ತಿದ್ದೆ. ಅದು ತಿರುಗುಮುರುಗು ಆಗಬೇಕಿತ್ತು. ಮೊದಲು ಊಟದ ಮೇಜು, ಮೊದಲು ಊಟದ ಗಂಟೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ದಾರಿ ಎಳೆಯಬೇಕು. ಮದುವೆಯಲ್ಲಿ ನಾವು ಮುಹೂರ್ತದಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇವಲ್ಲ, ಹಾಗೆ.

ಹನ್ನೆರಡೂ ಮುಕ್ಕಾಲು ಯಾಕೆ ಅಂತ ಹೇಳುತ್ತೇನೆ. ಹಳ್ಳಿ ಪಬ್ಬುಗಳಲ್ಲಿ ಮಧ್ಯಾಹ್ನದ ಅಡುಗೆ ಸಾಮಾನ್ಯವಾಗಿ ಹನ್ನೆರಡಕ್ಕೆ ಶುರು. ಒಂದು ಗಂಟೆಯಿಂದ ಎರಡರವರೆಗೆ ನೂಕುನುಗ್ಗಲು. ನಾವು ಒಂದಕ್ಕೆ ಮೊದಲೇ ಕೂತು, ಆರ್ಡರ್ ಮೊದಲೇ ಕೊಟ್ಟಿದ್ದರೆ, ಅಡುಗೆಯವರಿಗೆ ನಾವು ಹೊರೆ ಅಲ್ಲ. ಅವರ ಖಾಲಿ ಮುಕ್ಕಾಲು ಗಂಟೆ ತುಂಬುವ ಒಳ್ಳೆಯ ಗಿರಾಕಿಗಳು. ಇದನ್ನು ಫೋನಿನಲ್ಲಿ ಹೇಳುವ ಒಂದು ರೀತಿ ಇದೆ. ಆ ಮಾತು ನನ್ನ ಹತ್ತಿರವೇ ಇರಲಿ. ಪಬ್ಬಿನ ಹೆಸರೂ ಹೇಳುವುದಿಲ್ಲ. ಹೇಳಿದರೆ ನಮ್ಮ ಶನಿವಾರ ನಮಗೆ ಸಿಗುವುದಿಲ್ಲ. ಭಾನುವಾರ ಬೇಡವೇ ಬೇಡ. ಅವತ್ತು ರೋಸ್ಟ್ ಊಟಕ್ಕೆ ಅಕ್ಕಪಕ್ಕದ ಊರಿನವರೆಲ್ಲ ಬರುತ್ತಾರೆ, ರೈಲು ಹಳಿಯ ರಿಪೇರಿಯೂ ಭಾನುವಾರವೇ ಜಾಸ್ತಿ.

ಈಗ ದಾರಿ. ವೆಂಡೋವರ್ ಆರಿಸಿದ್ದಕ್ಕೆ ಕಾರಣ ಇದೆ. ಸ್ಟೇಷನ್ನಿನಿಂದ ಇಳಿದು ಐದು ನಿಮಿಷಕ್ಕೆ ಕಾಲುದಾರಿ ಶುರು. ರಿಜ್‌ವೇ ಅನ್ನುವ 87 ಮೈಲಿ ಉದ್ದದ ಹಳೆಯ ದಾರಿ ಊರೊಳಗೇ ಹಾದು ಹೋಗುತ್ತದೆ, ಓಕ್ ಕಾಯಿಯ ಗುರುತು ಹಿಡಿದು ಹೋದರೆ ಮೊದಲ ಸಲ ಬಂದವರೂ ತಪ್ಪುವುದಿಲ್ಲ. ಒಂದೂವರೆ ಮೈಲಿ ಹತ್ತಿದರೆ ಕೂಂಬ್ ಹಿಲ್, 260 ಮೀಟರ್. ಮೇಲೆ ಬೋಯರ್ ಯುದ್ಧದಲ್ಲಿ ಸತ್ತ ಬಕಿಂಗ್‌ಹ್ಯಾಮ್‌ಶೈರ್‌ನವರ ಸ್ಮಾರಕ ಇದೆ, 1904ರದ್ದು. ಅಲ್ಲಿ ನಿಂತರೆ ಏಲ್ಸ್‌ಬರಿ ಬಯಲು ಪೂರ್ತಿ ಕಾಣುತ್ತದೆ.

ನಾನು ಮಾಡಿದ್ದು ಮೂರು ದಾರಿ. ಉದ್ದ ದಾರಿಯವರು ಒಂಬತ್ತಕ್ಕೆಲ್ಲ ವೆಂಡೋವರ್‌ನಲ್ಲಿ ಇಳಿದು, ಡನ್ಸ್‌ಮೋರ್ ಕಡೆಯಿಂದ ಬೀಚ್ ಮರದ ಕಾಡು ಸುತ್ತಿ, ಪ್ರಧಾನಿಯವರ ಚೆಕರ್ಸ್ ಬಂಗಲೆಯ ಮುಂದೆ ಹಾದು, ಹಿಂದಿನಿಂದ ಕೂಂಬ್ ಹಿಲ್ ಹತ್ತುತ್ತಾರೆ. ಸುಮಾರು ಆರು ಮೈಲಿ. ಗಿಡ್ಡ ದಾರಿಯವರು ಹತ್ತೂವರೆಗೆ ಇಳಿದು ನೇರ ಸ್ಮಾರಕಕ್ಕೆ ಹತ್ತುತ್ತಾರೆ, ಹೋಗಿ ಬರೋದು ಮೂರು ಮೈಲಿ. ಮೂರನೆಯದಕ್ಕೆ ಮಕ್ಕಳು "ಅಜ್ಜಿ ದಾರಿ" ಅಂತ ಹೆಸರಿಟ್ಟರು. ಊರಿಂದ ಬಂದ ಅಪ್ಪ ಅಮ್ಮಂದಿರು, ಮಂಡಿ ನೋವಿನವರು ಕಾರಿನಲ್ಲಿ ಮೇಲಿನ ನ್ಯಾಷನಲ್ ಟ್ರಸ್ಟ್ ಕಾರ್ ಪಾರ್ಕಿಗೆ ಬರುತ್ತಾರೆ. ಅಲ್ಲಿಂದ ಸ್ಮಾರಕದವರೆಗೆ ಹೆಚ್ಚು ಕಮ್ಮಿ ಸಮತಟ್ಟು. ಮೂರೂ ದಾರಿ ಸ್ಮಾರಕದ ಹತ್ತಿರ ಹನ್ನೊಂದೂ ಮುಕ್ಕಾಲಿಗೆ ಕೂಡುತ್ತವೆ. ಅಲ್ಲಿ ಇಪ್ಪತ್ತು ನಿಮಿಷ. ಫೋಟೋ, ನೀರು, ಕೊಬ್ಬರಿ ಮಿಠಾಯಿ. ಆಮೇಲೆ ಮೊದಲ ಎರಡು ಗುಂಪು ಒಟ್ಟಿಗೆ ಇಳಿಯುತ್ತದೆ, ಅಜ್ಜಿ ದಾರಿಯವರು ವಾಪಸ್ ನಡೆದು ಕಾರು ಹತ್ತುತ್ತಾರೆ.

ವೇಗದ ಬಗ್ಗೆ ಒಂದು ಮಾತು. ನಕ್ಷೆ ಓದುವವರೆಲ್ಲ ನೈಸ್ಮಿತ್ ಲೆಕ್ಕ ಹಿಡಿಯುತ್ತಾರೆ, 1892ರದ್ದು, ಗಂಟೆಗೆ ಮೂರು ಮೈಲಿ, ಹತ್ತುವುದಕ್ಕೆ ಬೇರೆ ಸಮಯ. ನಮ್ಮವರಿಗೆ ಅದು ನಡೆಯುವುದಿಲ್ಲ. ನಾನು ಮೂರು ನಡಿಗೆಯಲ್ಲಿ ಗಡಿಯಾರ ನೋಡಿ ಬರೆದಿಟ್ಟಿದ್ದೇನೆ. ಉದ್ದ ಗುಂಪು ಗಂಟೆಗೆ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ. ಗಿಡ್ಡ ಗುಂಪು ಒಂದೂವರೆ. ಮಾತು ರಾಜಕೀಯಕ್ಕೆ ಹೋದರೆ ಒಂದೂಕಾಲು. ಅಜ್ಜಿ ದಾರಿಗೆ ಲೆಕ್ಕವೇ ಬೇಡ, ಅವರನ್ನು ಅರ್ಧ ಗಂಟೆ ಮೊದಲು ಬಿಟ್ಟರೆ ಸಾಕು.

ಪ್ರತಿ ಗುಂಪಿಗೂ ಒಬ್ಬರು ತಲೆ, ಒಬ್ಬರು ಬಾಲ. ಬಾಲದವರಿಗೆ ಹಳದಿ ಜಾಕೆಟ್. ಅವರ ಹಿಂದೆ ಯಾರೂ ಉಳಿಯುವ ಹಾಗಿಲ್ಲ. ಗೇಟ್ ಮುಚ್ಚುವ ಕೆಲಸವೂ ಬಾಲದವರದ್ದೇ. ತಲೆಗಿಂತ ಬಾಲದ ಆಯ್ಕೆ ಮುಖ್ಯ. ಓಡುವ ಹುಡುಗರನ್ನು ಬಾಲಕ್ಕೆ ಹಾಕಬೇಡಿ. ದಾವಣಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಬಾಲ. ಅವರು ಕಥೆ ಹೇಳಲು ಶುರು ಮಾಡಿದರೆ ನಿಧಾನದವರೂ ಅವರ ಜೊತೆ ಹೆಜ್ಜೆ ಹಾಕುತ್ತಾರೆ.

ನಡಿಗೆಗೆ ಹತ್ತು ದಿನ ಮೊದಲು ಒಂದು ಸಲ, ಹಿಂದಿನ ವಾರ ಇನ್ನೊಂದು ಸಲ ನಾನೇ ನಡೆದು ನೋಡುತ್ತೇನೆ. ಇದು ತಪ್ಪಿಸಬೇಡಿ. ವೆಂಡೋವರ್ ಪಕ್ಕದಲ್ಲೇ ಹೊಸ ರೈಲು ದಾರಿಯ ದೊಡ್ಡ ಕಾಮಗಾರಿ ನಡೆಯುತ್ತಿದೆ. ಎಕ್ಸ್‌ಪ್ಲೋರರ್ 181 ಅನ್ನುವ ಈ ಭಾಗದ ನಡಿಗೆ ನಕ್ಷೆ ನನ್ನ ಹತ್ತಿರ ಇರೋದು ಹಳೆಯದು. ಅದರಲ್ಲಿ ಇದ್ದ ಒಂದು ಕಾಲುದಾರಿ ಈಗ ಬೇಲಿಯ ಒಳಗಿದೆ, ಬೇರೆ ಕಡೆ ತಿರುಗಿಸಿದ್ದಾರೆ. ಮೊದಲೇ ನೋಡಿರದಿದ್ದರೆ ಉದ್ದ ಗುಂಪಿನ ಹದಿಮೂರು ಜನ ಬೇಲಿಯ ಮುಂದೆ ನಿಲ್ಲುತ್ತಿದ್ದರು.

ದನಗಳ ವಿಷಯ ಪ್ರತಿ ಸಲ ಹೇಳುತ್ತೇನೆ, ಇಲ್ಲೂ ಹೇಳುತ್ತೇನೆ. ನಮ್ಮವರಿಗೆ ಹಸು ಕಂಡರೆ ಹತ್ತಿರ ಹೋಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ. ಇಲ್ಲಿಯ ಹಸುಗಳಿಗೆ ಜನ ಮುಟ್ಟಿ ಅಭ್ಯಾಸ ಇಲ್ಲ. ವಸಂತದಲ್ಲಿ ಕರು ಜೊತೆಗಿದ್ದರೆ ನುಗ್ಗುತ್ತವೆ. ಕರು ಮತ್ತು ತಾಯಿಯ ನಡುವೆ ಹೋಗಲೇಬಾರದು. ದೂರದಿಂದ ಕೈ ಮುಗಿಯಿರಿ, ಸುತ್ತು ಹಾಕಿ ಹೋಗಿ.

ಅತ್ತೆಯವರನ್ನು ಒಪ್ಪಿಸಿದ್ದು ಒಂದು ಕಥೆ. ಆರು ತಿಂಗಳ ವೀಸಾದಲ್ಲಿ ಅರಸೀಕೆರೆಯಿಂದ ಬಂದಿದ್ದರು. ಪಬ್ ಅಂದ ಕೂಡಲೇ ಮುಖ ಗಂಟಿಕ್ಕಿದರು. "ಅದು ಬಾರ್ ಅಲ್ವೇನಮ್ಮಾ? ಹೆಣ್ಣುಮಕ್ಕಳನ್ನ ಮಕ್ಕಳನ್ನ ಕಟ್ಟಿಕೊಂಡು ಅಲ್ಲಿಗೆ ಹೋಗ್ತಾರಾ?" ನಾನು ವಾದ ಮಾಡಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಅವರನ್ನು ಸುಮ್ನೆ ಅಲ್ಲಿಗೆ ಚಹಾ ಕುಡಿಯಲು ಕರೆದುಕೊಂಡು ಹೋದೆ. ಬೆಂಕಿ ಉರಿಯುತ್ತಿತ್ತು. ಇಬ್ಬರು ಮುದುಕರು ಪೇಪರ್ ಓದುತ್ತಾ ಕೂತಿದ್ದರು, ಕಾಲ ಹತ್ತಿರ ನಾಯಿ ಮಲಗಿತ್ತು. ಒಬ್ಬ ಅಜ್ಜಿ ಕೌಂಟರಿನ ಹುಡುಗಿಗೆ ತನ್ನ ಮೊಮ್ಮಗನ ಪರೀಕ್ಷೆಯ ಸುದ್ದಿ ಹೇಳುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ನೋಡಿ ಹೇಳಿದರು, "ಇದು ನಮ್ಮೂರ ಅರಳಿಕಟ್ಟೆ ಇದ್ದ ಹಾಗಿದೆ. ಮೇಲೆ ಹೆಂಚು ಹಾಕಿದ್ದಾರೆ ಅಷ್ಟೇ." ಆಮೇಲೆ ಉಳಿದ ಹಿರಿಯರನ್ನು ಒಪ್ಪಿಸುವ ಕೆಲಸ ಅವರೇ ಮಾಡಿದರು. ನಾನು ಹೇಳಿದರೆ ಹತ್ತು ಸಲ ಹೇಳಬೇಕಿತ್ತು, ಅವರು ಫೋನಿನಲ್ಲಿ ಒಂದು ಸಲ ಹೇಳಿದರು, ಸಾಕಾಯಿತು.

ಇನ್ನು ಊಟ. ಇಲ್ಲೇ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು.

ಪಬ್ ಮೆನುವಿನಲ್ಲಿ "ವಿ" ಅಂತ ಇದ್ದ ಮಾತ್ರಕ್ಕೆ ನಮ್ಮ ಸಸ್ಯಾಹಾರ ಆಗುವುದಿಲ್ಲ. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರ. ಯಾರ್ಕ್‌ಶೈರ್ ಪುಡ್ಡಿಂಗ್ ಅನ್ನುವ ಉಬ್ಬಿದ ಹಿಟ್ಟಿನ ತಿಂಡಿ ನಿಂತಿರೋದೇ ಮೊಟ್ಟೆಯ ಮೇಲೆ. ತರಕಾರಿ ಬರ್ಗರಿನ ಪ್ಯಾಟಿಯಲ್ಲೂ ಎಷ್ಟೋ ಸಲ ಮೊಟ್ಟೆ ಇರುತ್ತದೆ. ಗ್ರೇವಿ ಅಂದರೆ ಬೇರೆ ಹೇಳದಿದ್ದರೆ ಮಾಂಸದ ರಸ. ವೂಸ್ಟರ್ ಸಾಸಿನಲ್ಲಿ ಮೀನಿದೆ, ಅದನ್ನು ಚೀಸ್ ಟೋಸ್ಟಿಗೂ ಹಾಕುತ್ತಾರೆ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಎಲ್ಲಕ್ಕಿಂತ ದೊಡ್ಡದು ಎಣ್ಣೆ ಬಾಣಲೆ. ಎಷ್ಟೋ ಕಡೆ ಮೀನು ಕರಿದ ಎಣ್ಣೆಯಲ್ಲೇ ಚಿಪ್ಸ್ ಕರಿಯುತ್ತಾರೆ. ಕೇಳದಿದ್ದರೆ ಅವರು ಹೇಳುವುದಿಲ್ಲ, ಅವರಿಗೆ ಅದು ವಿಷಯವೇ ಅಲ್ಲ. ಏಲ್ ಅನ್ನುವ ಬಿಯರ್ ಕುಡಿಯುವ ನಮ್ಮ ಹುಡುಗರಿಗೂ ಒಂದು ಸುದ್ದಿ. ಪೀಪಾಯಿಯಲ್ಲಿಡುವ ಕಾಸ್ಕ್ ಏಲ್ ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಒಂದು ವಸ್ತು ಹಾಕುವುದುಂಟು. ಇದು ಗೊತ್ತಾದ ದಿನ ನಮ್ಮ ಇಬ್ಬರು ಸೇಬಿನ ಮದ್ಯ ಸೈಡರ್ ಕಡೆಗೆ ತಿರುಗಿದರು. ಈಗ ವೀಗನ್ ಏಲ್ ಇದೆಯಾ ಅಂತ ಕೇಳಿ ಕುಡಿಯುತ್ತಾರೆ.

ಹಾಗಾಗಿ ನಾನು ಪೂರ್ತಿ ಮೆನು ಕೊಡುವುದನ್ನೇ ಬಿಟ್ಟೆ. ಪಬ್ಬಿನವರ ಜೊತೆ ಕೂತು ಐದು ತಿಂಡಿ ಮಾತ್ರ ಆರಿಸಿದೆ. ಮಾಂಸದ್ದು ಒಂದು, ಮೀನು ಚಿಪ್ಸ್ ಒಂದು, ಮೂರು ಸಸ್ಯಾಹಾರ. ಸಸ್ಯಾಹಾರದಲ್ಲಿ ಮೊಟ್ಟೆ ಇಲ್ಲದ್ದು ಎರಡು: ಇಡೀ ಆಲೂಗಡ್ಡೆ ಸುಟ್ಟು ಬೀನ್ಸ್ ಹಾಕಿದ್ದು, ಮತ್ತೆ ಅಣಬೆ ಪೈ. ಪೈ ಮೇಲಿನ ಹಿಟ್ಟಿಗೆ ಹಂದಿ ಕೊಬ್ಬು ಹಾಕಿಲ್ಲ, ಮೊಟ್ಟೆ ಸವರಿಲ್ಲ ಅಂತ ಪ್ಯಾಕೆಟ್ ತರಿಸಿ ಓದಿ ನೋಡಿದ್ದೇನೆ. ಚಿಪ್ಸಿಗೆ ಬೇರೆ ಬಾಣಲೆ ಸಿಕ್ಕಿತು. ಅದು ಹೇಗೆ ಸಿಕ್ಕಿತು ಅಂದರೆ, ಕೇಳುವ ದಿನ ಮತ್ತು ಕೇಳುವ ವ್ಯಕ್ತಿ ಸರಿ ಇರಬೇಕು, ಅಷ್ಟು ಹೇಳಬಲ್ಲೆ.

ಬುಧವಾರ ರಾತ್ರಿಯೊಳಗೆ ಎಲ್ಲರ ಆರ್ಡರ್ ನನ್ನ ಹತ್ತಿರ ಇರಬೇಕು. ಗುರುವಾರ ಬೆಳಿಗ್ಗೆ ಪಬ್ಬಿಗೆ ಒಂದೇ ಹಾಳೆ ಹೋಗುತ್ತದೆ. ಹೆಸರು ಬೇಡ, ಅವರಿಗೆ ನಮ್ಮ ಹೆಸರು ಓದಲು ಕಷ್ಟ. ಒಂದರಿಂದ ಶುರುವಾಗಿ ತಲೆಗೊಂದು ನಂಬರ್. ಪ್ರತಿ ಕುರ್ಚಿಯ ಮುಂದೆ ಅದೇ ನಂಬರಿನ ಚೀಟಿ. ಮೊಟ್ಟೆ ಬೇಡದವರದ್ದು ಹಸಿರು, ಮೊಟ್ಟೆ ಆಗುತ್ತೆ ಅನ್ನುವವರದ್ದು ಹಳದಿ, ಉಳಿದವರದ್ದು ಬಿಳಿ. ನಮ್ಮ ಯಜಮಾನರು ಅಜ್ಜಿ ದಾರಿಯ ಕಾರು ಬಿಟ್ಟು, ನೇರ ಪಬ್ಬಿಗೆ ಬಂದು ಹನ್ನೆರಡೂ ಕಾಲಿಗೆ ಚೀಟಿ ಜೋಡಿಸುತ್ತಾರೆ. ತಟ್ಟೆ ತರುವ ಹುಡುಗಿ ನಂಬರ್ ಕೂಗುವುದೇ ಬೇಡ. ಚೀಟಿ ನೋಡಿ ಇಡುತ್ತಾ ಹೋಗುತ್ತಾಳೆ. ಇಂಥ ಗುಂಪು ತಾನು ನೋಡಿಲ್ಲ ಅಂತ ಮಾಲಕಿ ನನ್ನ ಹತ್ತಿರ ಹೇಳಿದರು. ಆ ಮಾತು ನನಗೆ ಬಹಳ ಸಂತೋಷ ಕೊಟ್ಟಿತು.

ದುಡ್ಡು. ದೊಡ್ಡವರಿಗೆ 24 ಪೌಂಡ್, ಹನ್ನೆರಡು ವರ್ಷದ ಒಳಗಿನವರಿಗೆ 12. ಊಟ, ಒಂದು ಸಿಹಿ, ಒಂದು ಹಣ್ಣಿನ ರಸ ಅಥವಾ ಚಹಾ. ಮದ್ಯ ಬೇಕಾದವರು ತಾವೇ ಕೌಂಟರಿಗೆ ಹೋಗಿ ತಾವೇ ಕೊಡುತ್ತಾರೆ, ಸಾಮೂಹಿಕ ಲೆಕ್ಕಕ್ಕೆ ಅದು ಬರುವಂತಿಲ್ಲ. ಈ ನಿಯಮ ಮಾಡಿದ ಮೇಲೆ ಬಿಲ್ಲಿನ ಜಗಳ ನಿಂತಿತು. ಪೂರ್ತಿ ದುಡ್ಡು ಮೊದಲೇ. ಬುಧವಾರದವರೆಗೆ ಬರಲ್ಲ ಅಂದರೆ ಪೂರ್ತಿ ವಾಪಸ್, ಗುರುವಾರದಿಂದ ಒಂದು ಪೆನ್ನಿಯೂ ಇಲ್ಲ, ಮಗುವಿಗೆ ಜ್ವರ ಬಂದರೂ ಇಲ್ಲ. "ನಮ್ಮವರ ಹತ್ತಿರ ಮುಂಗಡ ಕೇಳಿದರೆ ಒಬ್ಬರೂ ಬರಲ್ಲ" ಅಂತ ಖಜಾಂಚಿಯವರು ಹೇಳಿದ್ದರು. 36 ಜನ ಕಟ್ಟಿದರು, 35 ಜನ ಬಂದರು. ಮೂವತ್ತಾರನೆಯವರು ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿತು ಅಂತ ಬರಲಿಲ್ಲ. ಅವರು ದುಡ್ಡು ಕೇಳಲೂ ಇಲ್ಲ. ಮೊದಲೇ ಕಟ್ಟಿದವರು ಮೋಡ ನೋಡಿ ಮನೆಯಲ್ಲಿ ಉಳಿಯುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು.

ಪಬ್ಬಿಗೆ ತಲೆಗೆ ಸರಾಸರಿ 20 ಪೌಂಡ್ ಬಿತ್ತು, ಸರ್ವಿಸ್ ಸೇರಿ. ಎಲ್ಲ ಕಳೆದು ಸುಮಾರು 90 ಪೌಂಡ್ ಉಳಿಯಿತು. ಅದರಲ್ಲಿ ಹೊಸ ನಕ್ಷೆ, ಬ್ಯಾಂಡೇಜು ಡಬ್ಬಿ, ಎರಡು ಹಳದಿ ಜಾಕೆಟ್, ಕಾರ್ ಪಾರ್ಕ್. ಉಳಿದದ್ದು ಬಳಗದ ಪೆಟ್ಟಿಗೆಗೆ. ರೈಲು ಟಿಕೆಟ್ ಅವರವರದ್ದು. ಆದರೆ ಮೂರರಿಂದ ಒಂಬತ್ತು ದೊಡ್ಡವರು ಒಟ್ಟಿಗೆ ಹೋದರೆ ಸಿಗುವ ಗ್ರೂಪ್‌ಸೇವ್ ಟಿಕೆಟ್ ನಾನೇ ಗುಂಪು ಮಾಡಿ ತೆಗೆಸುತ್ತೇನೆ, ಮೂರನೇ ಒಂದು ಭಾಗ ಕಡಿಮೆ. ಹಾಗೆ ತೆಗೆಸಿದರೆ ಆಯ್ಸ್ಟರ್ ಒತ್ತುವ ಕಷ್ಟವೂ ಇಲ್ಲ, ತಡವಾಗಿ ಬರುವವರೂ ಇಲ್ಲ. ಟಿಕೆಟ್ ಇಡೀ ಗುಂಪಿಗೆ ಸೇರಿದ್ದು, ರೈಲು ತಪ್ಪಿಸಿಕೊಂಡವರು ಪೂರ್ತಿ ಟಿಕೆಟ್ ಬೇರೆ ಕೊಳ್ಳಬೇಕು. ಹ್ಯಾರೋ ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಹತ್ತು ನಿಮಿಷ ಮೊದಲೇ ನಿಂತಿದ್ದರು. ನಮ್ಮ ಬಳಗದ ಯಾವ ಕಾರ್ಯಕ್ರಮದಲ್ಲೂ ನಾನು ಇದನ್ನು ಕಂಡಿರಲಿಲ್ಲ.

ಬೂಟಿನ ಕೆಸರಿಗೆ ಒಂದು ಸುಲಭದ ದಾರಿ. ಪಬ್ಬಿನವರು ಕಾರ್ಪೆಟ್ ನೋಡಿ ಹೆದರುತ್ತಾರೆ, ಬೂಟು ಬಿಚ್ಚಿ ಅನ್ನುತ್ತಾರೆ. ಎಪ್ಪತ್ತು ಬೂಟು ಬಾಗಿಲಲ್ಲಿ ರಾಶಿ ಬಿದ್ದರೆ ಹೊರಡುವಾಗ ಅರ್ಧ ಗಂಟೆ ಹುಡುಕಾಟ. ಆಸ್ಪತ್ರೆಯಲ್ಲಿ ಹಾಕುವ ನೀಲಿ ಪ್ಲಾಸ್ಟಿಕ್ ಶೂ ಕವರ್ ಆನ್‌ಲೈನಿನಲ್ಲಿ ನೂರಕ್ಕೆ 7-8 ಪೌಂಡಿಗೆ ಸಿಗುತ್ತದೆ. ಬಾಗಿಲಲ್ಲೇ ಕೊಡುತ್ತೇನೆ, ಬೂಟಿನ ಮೇಲೇ ಏರಿಸಿಕೊಂಡು ಒಳಗೆ ಬರುತ್ತಾರೆ. ಹೋಗುವಾಗ ಬಿಚ್ಚಿ ಚೀಲಕ್ಕೆ. ಹರಿಯದೇ ಇದ್ದವನ್ನು ತೊಳೆದು ಒಣಗಿಸಿ ಇಟ್ಟುಕೊಂಡಿದ್ದೇನೆ.

ನಡುವೆ, ಈ ನಾಲ್ಕರ ಲೆಕ್ಕಕ್ಕೆ ಸೇರದ ಬೇರೆ ಪ್ರಯೋಗಗಳೂ ಆದವು. ಗುಡ್ಡ ಆಗದವರಿಗೆ ಅಂತ ಒಂದು ಸಲ ಲಂಡನ್ನಿನೊಳಗೇ ಥೇಮ್ಸ್ ದಂಡೆಯ ನಡಿಗೆ ಮಾಡಿದೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ನಿಲ್ಲಿಸಿದ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅಲ್ಲಿ ಕೂಡಿ, ಒಂದು ವಚನ ಹೇಳಿ, ನದಿ ಹಿಡಿದು ಪಟ್ನಿ ಕಡೆಗೆ ಐದಾರು ಮೈಲಿ. ಶುರುವಾದ ಜಾಗ ಎಲ್ಲರಿಗೂ ಬಹಳ ಹಿಡಿಸಿತು. ಆದರೆ ದಾರಿಯುದ್ದಕ್ಕೂ ಕಾಫಿ ಅಂಗಡಿ, ಬಸ್ ಸ್ಟಾಪ್. ಒಬ್ಬೊಬ್ಬರೇ ಕಳಚಿಕೊಂಡು ಕೊನೆಗೆ ಪಬ್ಬಿಗೆ ಬಂದವರು ಒಂಬತ್ತು ಜನ. ಗುಡ್ಡದ ಮೇಲೆ ಬಸ್ ಇಲ್ಲ, ಅದೇ ಅದರ ಗುಣ.

ಗುಡ್ಡದ ತುದಿಯಲ್ಲಿ ಥರ್ಮಾಸ್‌ನಲ್ಲಿ ಬಿಸಿಬೇಳೆ ಬಾತ್ ಕೊಟ್ಟು ನೋಡಿದೆ. ತಪ್ಪು. ಹೊಟ್ಟೆ ತುಂಬಿ ಪಬ್ಬಿನಲ್ಲಿ ಅರ್ಧ ತಟ್ಟೆ ಉಳಿಯಿತು, ದುಡ್ಡು ದಂಡ. ಕೋಸಂಬರಿ ಕೊಟ್ಟೆ, ಚಳಿಗೆ ಯಾರೂ ತಿನ್ನಲಿಲ್ಲ. ಚಕ್ಕುಲಿ ಕೊಟ್ಟಾಗ ರೆಡ್ ಕೈಟ್ ಬಂತು. 1989ರಿಂದ ಹೆಚ್ಚಾಗಿ ಸ್ಪೇನಿನ ಮರಿಗಳನ್ನು ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟ ಮೇಲೆ ಈ ಹಕ್ಕಿ ಇಲ್ಲಿ ತುಂಬಿಕೊಂಡಿದೆ. ಕವಲು ಬಾಲ, ಕೆಂಪು ಮೈ. ಊರ ಸಂತೆಯ ಹದ್ದಿನ ತಮ್ಮ ಅನ್ನಿ. ಒಂಬತ್ತು ವರ್ಷದ ಹುಡುಗನ ಕೈಯಿಂದ ಚಕ್ಕುಲಿ ಕಿತ್ತುಕೊಂಡು ಹೋಯಿತು. ಹುಡುಗನಿಗೆ ಗೀಚಲಿಲ್ಲ, ಪುಣ್ಯ. ಅಂದಿನಿಂದ ಮೇಲೆ ಕೊಬ್ಬರಿ ಮಿಠಾಯಿ ಮಾತ್ರ, ಅದೂ ನೇರ ಬಾಯಿಗೆ.

ಕೆಲಸ ಮಾಡಿದ ಪ್ರಯೋಗ ಒಂದೇ, ಚಟ್ನಿಪುಡಿ. ಹೊರಗಿನ ಊಟ ಪಬ್ಬಿನೊಳಗೆ ತರುವಂತಿಲ್ಲ, ಅದು ಅವರ ಅನ್ನ. ಆದರೆ ಮಾಲಕಿಯ ಹತ್ತಿರ ಮೊದಲೇ ಕೇಳಿ, ಅವರಿಗೊಂದು ಬಾಟಲಿ ಕೊಟ್ಟು, ಮೇಜಿನ ಮೇಲೆ ಮೂರು ಸಣ್ಣ ಬಟ್ಟಲಲ್ಲಿ ಇಟ್ಟೆ. ಸುಟ್ಟ ಆಲೂಗಡ್ಡೆಗೆ ಬೆಣ್ಣೆ, ಮೇಲೆ ಶೇಂಗಾ ಚಟ್ನಿಪುಡಿ. ಇಡೀ ಊಟದ ರುಚಿಯೇ ಬದಲಾಯಿತು. ಶೇಂಗಾ ಇದೆ ಅಂತ ದೊಡ್ಡದಾಗಿ ಚೀಟಿ ಬರೆದು ಇಡಬೇಕು. ಇಲ್ಲಿ ಶೇಂಗಾ ಅಲರ್ಜಿ ಆಟದ ಮಾತಲ್ಲ. ನಮ್ಮ ಗುಂಪಿನಲ್ಲೇ ಒಬ್ಬ ಹುಡುಗನಿಗೆ ಇದೆ ಅಂತ ಆಮೇಲೆ ಗೊತ್ತಾಯಿತು. ಈಗ ಅಗಸೆಪುಡಿಗೆ ಬದಲಾಗಿದ್ದೇನೆ, ಅದು ಇನ್ನೂ ಚೆನ್ನಾಗಿದೆ.

ಮನೆಯಲ್ಲಿ ಮೊಟ್ಟೆ ಇಲ್ಲದ ಯಾರ್ಕ್‌ಶೈರ್ ಪುಡ್ಡಿಂಗ್ ನಾಲ್ಕು ಸಲ ಮಾಡಿದೆ. ಕಡಲೆ ಬೇಯಿಸಿದ ನೀರು, ಸೋಡಾ, ಮಜ್ಜಿಗೆ, ಎಲ್ಲ ಹಾಕಿ ನೋಡಿದೆ. ಉಬ್ಬಲೇ ಇಲ್ಲ. ನಾಲ್ಕನೆಯದು ಪಡ್ಡು ಆಯಿತು. ಮಕ್ಕಳು ಪಡ್ಡು ಅಂತಲೇ ಕಾಯಿಚಟ್ನಿ ಹಾಕಿಕೊಂಡು ತಿಂದರು. ಆ ಕೆಲಸ ಇನ್ನೂ ಬಿಟ್ಟಿಲ್ಲ.

ಮುಂದಿನದು ಅಕ್ಟೋಬರ್. ತಿಂಗಳ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋಗುತ್ತದೆ, ಅದಕ್ಕೆ ಎರಡು ವಾರ ಮೊದಲು. ಟ್ರಿಂಗ್ ಸ್ಟೇಷನ್ನಿನಿಂದ ಐವಿಂಗ್‌ಹೋ ಬೀಕನ್ ಗುಡ್ಡ, ರಿಜ್‌ವೇ ಮುಗಿಯುವ ಜಾಗ. ಆಲ್ಡ್‌ಬರಿಯ ಕೆರೆ ದಂಡೆಯ ಹತ್ತಿರ ಊಟ. ಎರಡು ಸಲ ಹೋಗಿ ಬಂದಿದ್ದೇನೆ, ಅಜ್ಜಿ ದಾರಿಯೂ ಸಿಕ್ಕಿದೆ. ಬಾಣಲೆಯ ಮಾತು ಇನ್ನೂ ನಡೆಯುತ್ತಿದೆ. ದುಡ್ಡು ಕಟ್ಟಲು ಹೇಳಿ ನಾಲ್ಕು ದಿನ ಆಯಿತು, 22 ಜನ ಕಟ್ಟಿದ್ದಾರೆ. ಮೊದಲು ಬಂದದ್ದು ಖಜಾಂಚಿಯವರ ಮನೆಯಿಂದ. ನಾಲ್ಕು ಜನ, ನಾಲ್ಕೂ ಹಸಿರು ಚೀಟಿ, ಉದ್ದ ದಾರಿ.